ಮೊದಲು ಹತ್ತುವ ಸರದಿ ಯಾರದು?

ಪ್ರಯಾಣವೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಎರಡು ಚಿಂತೆ. ಒಂದು, ಸಾಮಾನು ಕಟ್ಟುವುದು. ಇನ್ನೊಂದು, ಸೀಟು ಸಿಗುವುದು. ಬರಗೂರಿನಲ್ಲಾಗಲಿ, ಶಿರಾ, ಮಧುಗಿರಿಗಳಲ್ಲಾಗಲಿ ಬಸ್ಸು ಬಂದು ನಿಂತ ಗಳಿಗೆಯನ್ನು ನೋಡಿ. ಇಳಿಯುವವರು ಇನ್ನೂ ಮೆಟ್ಟಿಲ ಮೇಲಿರುತ್ತಾರೆ, ಅಷ್ಟರಲ್ಲಿ ಕಿಟಕಿಯೊಳಗೆ ಟವೆಲ್ಲು, ಕರ್ಚೀಫು, ಕೈಚೀಲ ಎಲ್ಲ ತೂರಿಹೋಗಿರುತ್ತವೆ. “ಅಕ್ಕಾ, ಅದು ನಾನು ಹಿಡಿದಿರೋ ಸೀಟು ಕಣಕ್ಕಾ!” ಎಂದು ಹೊರಗಿನಿಂದಲೇ ಕೂಗು. ಪಾಪ, ಮುಂಚೆಯೇ ಬಂದು ಬಿಸಿಲಲ್ಲಿ ಕಾದಿದ್ದ ಮುದುಕಮ್ಮ ಕಂಬಿ ಹಿಡಿದು ನಿಲ್ಲಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿನ ಚಿಂತೆ ತಪ್ಪಿತು. ಆದರೆ ಸರದಿಯ ಚಿಂತೆ ಮಾತ್ರ ಹಾಗೇ ಉಳಿಯಿತು. ದಿನಾ ಅದೇ ಬಸ್ಸಿನಲ್ಲಿ ಓಡಾಡುವ ಟೀಚರಮ್ಮನಾಗಲಿ, ಹೂವಿನ ಬುಟ್ಟಿ ಹೊತ್ತವಳಾಗಲಿ, ನಮ್ಮಲ್ಲಿ ಹಳಬಳೆಂದು ಯಾರಿಗೂ ಮೊದಲ ಸರದಿ ಇಲ್ಲ. ಟವೆಲ್ಲು ಎಸೆದವರದೇ ರಾಜ್ಯ!

ಹಳಬರಿಗೆ ಮೊದಲ ಸರದಿ ಕೊಡುವ ಲೋಕವೂ ಒಂದುಂಟು. ಅದು ವಿಮಾನದ ಮತ್ತು ಹಡಗಿನ ಲೋಕ. ಅದು ನಮಗೇಕೆ ಎನ್ನುತ್ತೀರಾ? ಶಿರಾ, ಪಾವಗಡ, ಕೊರಟಗೆರೆ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ ಒಬ್ಬಳೇ ವಿಮಾನ ಹತ್ತುತ್ತಾಳೆ. ಮಕ್ಕಳು ಅಪ್ಪ ಅಮ್ಮನನ್ನು ಹಡಗಿನ ವಿಹಾರಕ್ಕೂ ಕರೆದೊಯ್ಯುತ್ತಾರೆ. ಅಲ್ಲಿ ಟವೆಲ್ಲಿನ ಆಟ ನಡೆಯದು. ಗಡಿಯಾರದ ಆಟ ಮಾತ್ರ. ಆ ಆಟದ ನಿಯಮ ತಿಳಿದಿದ್ದರೆ ಹೆದರಿಕೆಯೇ ಇಲ್ಲ.

ಹೊರಡುವ ಹೊತ್ತು ಬೇರೆ, ಮುಚ್ಚುವ ಹೊತ್ತು ಬೇರೆ

ಬಸ್ಸು ಆರಕ್ಕೆ ಹೊರಡುತ್ತದೆಂದರೆ ಆರಕ್ಕೆ ಐದು ನಿಮಿಷ ಇರುವಾಗ ಓಡಿಬಂದರೂ ನಡೆಯುತ್ತದೆ. ಕಂಡಕ್ಟರು ಪರಿಚಯದವರಾದರೆ ಒಂದು ಸೀಟಿ ತಡವಾಗಿಯೇ ಊದಿಯಾರು. ವಿಮಾನದಲ್ಲಿ ಹಾಗಲ್ಲ. ಟಿಕೆಟ್ಟಿನಲ್ಲಿ ಅಚ್ಚಾಗಿರುವುದು ವಿಮಾನ ನಿಂತ ಜಾಗ ಬಿಟ್ಟು ಹೊರಡುವ ಹೊತ್ತು. ನಿಮ್ಮ ಪೆಟ್ಟಿಗೆ ಪಡೆದು, ಹೆಸರು ಬರೆದುಕೊಳ್ಳುವ ಚೆಕ್-ಇನ್ ಕೌಂಟರು ಅದಕ್ಕಿಂತ ಸುಮಾರು ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಕೆಲವು ವಿದೇಶಿ ವಿಮಾನಗಳಿಗೆ ಇನ್ನೂ ಮುಂಚೆ. ವಿಮಾನಕ್ಕೆ ಹೋಗುವ ಬಾಗಿಲು ಹೊರಡುವುದಕ್ಕೆ 20-25 ನಿಮಿಷ ಇರುವಾಗ ಮುಚ್ಚುತ್ತದೆ. ಕೌಂಟರು ಮುಚ್ಚಿದ ಮೇಲೆ ವಿಮಾನ ಕಣ್ಣೆದುರೇ ನಿಂತಿದ್ದರೂ ಹತ್ತುವ ಹಾಗಿಲ್ಲ. ಟಿಕೆಟ್ಟಿನ ಬಹುಪಾಲು ಹಣವೂ ಹೋದಂತೆಯೇ. ಅಲ್ಲಿ ದಿನ ತುಂಬಿದ ಮಗಳು ಕಾಯುತ್ತಿರುವಾಗ ಇಲ್ಲಿ ಹೀಗಾದರೆ ಆ ತಾಯಿಯ ಸಂಕಟ ಏನಾಗಬೇಡ!

ಆದ್ದರಿಂದ ಲೆಕ್ಕವನ್ನು ಯಾವಾಗಲೂ ಹಿಂದಿನಿಂದ ಹಾಕಬೇಕು. ವಿಮಾನ ರಾತ್ರಿ 2 ಗಂಟೆಗೆ ಎಂದಿಟ್ಟುಕೊಳ್ಳಿ. ಕೌಂಟರು ಮುಚ್ಚುವುದು ಒಂದಕ್ಕೆ. ವಿದೇಶಕ್ಕೆ ಹೋಗುವವರು ಮೂರು ಗಂಟೆ ಮುಂಚೆ ಅಲ್ಲಿರಬೇಕು, ಅಂದರೆ 11ಕ್ಕೆ. ಬರಗೂರಿನಿಂದ ಶಿರಾ, ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಕಾರಿನಲ್ಲಿ ಹೋದರೆ ಊಟ, ಟೀ, ಲಾರಿಗಳ ಸಾಲು ಎಲ್ಲ ಸೇರಿ ಐದು ಗಂಟೆ ಇಟ್ಟುಕೊಳ್ಳುವುದು ಜಾಣತನ. ಸಂಜೆ ಆರಕ್ಕೆ ದೀಪ ಹಚ್ಚಿ ಹೊರಟುಬಿಡಿ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ವಾಯುವಜ್ರ ಬಸ್ಸು ಹಿಡಿಯುವವರು ಇನ್ನೂ ಎರಡು ಗಂಟೆ ಮುಂಚೆ ಹೊರಡಬೇಕು. ಆ ಬಸ್ಸಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ, ಟಿಕೆಟ್ಟಿನ ದುಡ್ಡು ಕೈಯಲ್ಲಿರಲಿ. ಇನ್ನೊಂದು ಮಾತು, 2023ರ ಸೆಪ್ಟೆಂಬರ್ 12ರಿಂದ ಕೆಂಪೇಗೌಡ ನಿಲ್ದಾಣದಲ್ಲಿ ವಿದೇಶದ ವಿಮಾನಗಳು ಎರಡನೇ ಟರ್ಮಿನಲ್ಲಿಗೆ ಬದಲಾದವು. ಡ್ರೈವರಿಗೆ ಮೊದಲೇ ಹೇಳಿಡಿ.

ನಡುರಾತ್ರಿಯ ತಾರೀಖು

ಇದೊಂದು ದೊಡ್ಡ ಗುಂಡಿ. ಎಷ್ಟೋ ಓದಿದವರೂ ಬೀಳುತ್ತಾರೆ. ಟಿಕೆಟ್ಟಿನಲ್ಲಿ “15ನೇ ತಾರೀಖು, 02.00” ಎಂದಿದ್ದರೆ ನಾವು 15ರ ರಾತ್ರಿ ಊಟ ಮುಗಿಸಿ ಹೊರಡುವುದೆಂದು ತಿಳಿಯುತ್ತೇವೆ. ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಬೆಳಕು ಹರಿದ ಮೇಲೆ ತಾನೇ? ವಿಮಾನದವರ ದಿನ ನಡುರಾತ್ರಿ ಹನ್ನೆರಡಕ್ಕೇ ಶುರು. ಆ ವಿಮಾನಕ್ಕೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ! ಗೋಡೆಯ ಕ್ಯಾಲೆಂಡರಿನಲ್ಲಿ 14ರ ಮೇಲೆ ಕುಂಕುಮದ ಬೊಟ್ಟಿಟ್ಟು “ಮನೆ ಬಿಡುವುದು, ಸಂಜೆ 6” ಎಂದು ಬರೆದುಬಿಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಗಬಾರದು.

ಊರಿಗೆ ಬಂದವಳು ನೀರಿಗೆ ಬಾರಳೇ?

ಈಗ ಹಡಗಿನ ಮಾತು. ನಮ್ಮದು ಬಯಲುಸೀಮೆ. ಕೆರೆ ಕೋಡಿ ಬಿದ್ದರೆ ಊರೇ ಹಬ್ಬ ಮಾಡುವ ಜನ ನಾವು. ಆದರೂ ವಿಹಾರದ ಹಡಗು ಈಗ ದೂರದ ಮಾತಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬಂದು ಹೋಗುತ್ತವೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಎಂಬ ಕಂಪನಿ ಮುಂಬಯಿಯಿಂದ ವಿಹಾರಯಾನ ಆರಂಭಿಸಿತು. ಸಿಂಗಪುರಕ್ಕೋ ಅಮೆರಿಕಕ್ಕೋ ಹೋದವರು ಅಲ್ಲಿಂದ ಹಡಗು ಹತ್ತುವುದೂ ಉಂಟು.

ಹಡಗಿನ ಚೆಕ್-ಇನ್ ಎರಡು ಹಂತ. ಮೊದಲನೆಯದು ಮನೆಯಲ್ಲೇ. ಹೊರಡುವ ಕೆಲವು ವಾರ ಮುಂಚೆ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಹೆಸರು, ಪಾಸ್‌ಪೋರ್ಟು, ಫೋಟೋ ಎಲ್ಲ ತುಂಬಬೇಕು. ಬಂದರಿಗೆ ಎಷ್ಟು ಗಂಟೆಗೆ ಬರುತ್ತೀರೆಂಬ ವೇಳೆಯನ್ನು ಅನೇಕ ಕಂಪನಿಗಳು ಆಗಲೇ ಆರಿಸಲು ಹೇಳುತ್ತವೆ. ಮುಂಚೆ ತುಂಬಿದವರಿಗೆ ಒಳ್ಳೆಯ ವೇಳೆ, ತಡ ಮಾಡಿದವರಿಗೆ ಉಳಿದದ್ದು. ಎರಡನೆಯದು ಬಂದರಿನಲ್ಲಿ. ದೊಡ್ಡ ಪೆಟ್ಟಿಗೆಗಳನ್ನು ಕೂಲಿಯವರಿಗೆ ಒಪ್ಪಿಸಿ, ತಪಾಸಣೆ ಮುಗಿಸಿ, ಕಾಗದ ತೋರಿಸಿ ಒಳಗೆ ಹೋಗುವುದು. ಪೆಟ್ಟಿಗೆ ನಿಮ್ಮ ಕೋಣೆಗೆ ಬರುವಾಗ ಸಂಜೆಯಾದೀತು. ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಹಡಗು ಅಷ್ಟು ದೊಡ್ಡದು, ನಿಧಾನವಾಗಿ ಹೊರಟೀತು ಎಂದು ಎಣಿಸಬೇಡಿ. ಹತ್ತುವುದನ್ನು ಹೊರಡುವ ಒಂದು ಗಂಟೆ, ಒಂದೂವರೆ ಗಂಟೆ ಮುಂಚೆಯೇ ನಿಲ್ಲಿಸಿಬಿಡುತ್ತಾರೆ. ಅದಕ್ಕೆ ಕಾರಣಗಳಿವೆ. ಅಮೆರಿಕದಿಂದ ಹೊರಡುವ ಹಡಗು ಪ್ರಯಾಣಿಕರ ಪೂರ್ತಿ ಪಟ್ಟಿಯನ್ನು 60 ನಿಮಿಷ ಮುಂಚೆ ಸರ್ಕಾರಕ್ಕೆ ಕಳಿಸಲೇಬೇಕು. ಇನ್ನೊಂದು ಕಾರಣ ಜೀವದ್ದು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಹೊಸದಾಗಿ ಹತ್ತಿದವರಲ್ಲಿ ಹಲವರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕೆಂಬ ಅಭ್ಯಾಸ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. 2015ರ ಜನವರಿಯಿಂದ ಈ ಅಭ್ಯಾಸ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಆಗಬೇಕು. ಆದ್ದರಿಂದ “ಏನೋ ಡ್ರಿಲ್ಲಂತೆ, ನಾವ್ಯಾಕೆ ಹೋಗೋಣ” ಅನ್ನಬೇಡಿ. ಊಟದ ಹಾಲಿಗಿಂತ ಮೊದಲು ಅದನ್ನೇ ನೋಡಿಕೊಳ್ಳಿ.

ನಡುವೆ ಯಾವುದಾದರೂ ಊರಿನಲ್ಲಿ ಇಳಿದು ಸುತ್ತಾಡಿದಾಗಲೂ ಇದೇ ಮಾತು. ಎಲ್ಲರೂ ಹಡಗಿನಲ್ಲಿರಬೇಕಾದ ಹೊತ್ತನ್ನು ಮೊದಲೇ ಹೇಳಿರುತ್ತಾರೆ. ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾ ನಿಂತರೆ ಹಡಗು ಕಾಯುವುದಿಲ್ಲ.

ಹಳೇ ಗಿರಾಕಿಗೆ ಮೊದಲ ಮಣೆ

ಬಂದರಿನಲ್ಲಿ ಕೆಲವರು ಉದ್ದದ ಸಾಲಿಗೆ ನಿಲ್ಲದೆ ಬೇರೆ ಬಾಗಿಲಲ್ಲಿ ಸರಾಗವಾಗಿ ಹೋಗುತ್ತಾರೆ. ಅವರು ಆ ಕಂಪನಿಯ ಹಳೇ ಗಿರಾಕಿಗಳು. ದಿನಸಿ ಅಂಗಡಿಯ ಶೆಟ್ಟರು ಖಾತೆಯ ಗಿರಾಕಿಗೆ ಮೊದಲು ತೂಗಿಕೊಡುತ್ತಿರಲಿಲ್ಲವೇ, ಹಾಗೆ. ವಿಮಾನ ಕಂಪನಿಗಳಲ್ಲಿ ಈ ಪದ್ಧತಿ ಬೆಳೆದದ್ದು 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪದೇ ಪದೇ ಹಾರುವವರಿಗೆ ಅಂಕ ಕೊಡತೊಡಗಿದ ಮೇಲೆ. ಹಡಗಿನವರೂ ಅದೇ ದಾರಿ ಹಿಡಿದರು. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಸಾಧಾರಣ ಕೋಣೆಗೆ ರಾತ್ರಿಗೊಂದು ಅಂಕ. 80 ಅಂಕಕ್ಕೆ ವಜ್ರದ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ 700 ಅಂಕ! ಅಂದರೆ ಹೆಚ್ಚುಕಡಿಮೆ ಎರಡು ವರ್ಷ ಮನೆ ಮಠ ಬಿಟ್ಟು ನೀರಿನ ಮೇಲೆ ಮಲಗಬೇಕು. ನಮಗೆ ನಿಮಗೆ ಆಗುವ ಮಾತೇ?

ಆಗದಿದ್ದರೆ ನಷ್ಟವೇನೂ ಇಲ್ಲ. ಈ ಮೊದಲ ಮಣೆಯಿಂದ ಉಳಿಯುವುದು ಸಾಲಿನಲ್ಲಿ ನಿಲ್ಲುವ ಹೊತ್ತು ಮಾತ್ರ. ಬಾಗಿಲು ಮುಚ್ಚಿದ ಮೇಲೆ ವಜ್ರದವರೂ ಹೊರಗೆ, ತಾಮ್ರದವರೂ ಹೊರಗೆ. ಸಾಲಿನ ಕೊನೆಯಲ್ಲಿ ನಿಂತು ಹತ್ತಿದವರಿಗೂ ಅವರವರ ಕೋಣೆ, ಅವರವರ ಸೀಟು ಅವರದೇ. ಬಸ್ಸಿನಂತೆ ಯಾರೂ ಟವೆಲ್ಲು ಹಾಕಿ ಹಿಡಿಯುವುದಿಲ್ಲ. ಆದ್ದರಿಂದ ಬರೀ ಮೊದಲು ಹತ್ತುವುದಕ್ಕೆಂದು ಹೆಚ್ಚಿನ ದುಡ್ಡು ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಕೇಳಿದರೆ ಸಿಗುವ ಸರದಿ

ದುಡ್ಡೂ ಬೇಡದ, ಹಳಬರಾಗಿಯೂ ಇರಬೇಕಿಲ್ಲದ ಇನ್ನೊಂದು ಸರದಿ ಇದೆ. ಅದು ಅಗತ್ಯ ಇದ್ದವರದು. ನಮ್ಮ ಹೆಂಗಸರು ಸಂಕೋಚದಿಂದ ಕೇಳದೆ ಬಿಡುವುದು ಇದನ್ನೇ. ಮಂಡಿ ನೋವಿನಿಂದ ನಡೆಯಲಾಗದವರು ಗಾಲಿಕುರ್ಚಿ ಬೇಕೆಂದು ವಿಮಾನ ಕಂಪನಿಗೆ ಕನಿಷ್ಠ 48 ಗಂಟೆ ಮುಂಚೆ ತಿಳಿಸಬೇಕು. ಟಿಕೆಟ್ಟು ತೆಗೆಯುವಾಗಲೇ ಮಕ್ಕಳಿಂದ ಬರೆಸಿಬಿಡುವುದು ಮೇಲು. ಕುರ್ಚಿ ತಳ್ಳುವವರು ತಪಾಸಣೆ ದಾಟಿಸಿ ವಿಮಾನದ ಬಾಗಿಲಿಗೆ ಬಿಡುತ್ತಾರೆ. ಕೈಗೂಸು ಇದ್ದವರನ್ನು ಬಹಳಷ್ಟು ವಿಮಾನಗಳಲ್ಲಿ ಮುಂಚೆ ಕರೆಯುತ್ತಾರೆ. ಕರೆಯದಿದ್ದರೆ “ಮಗು ಇದೆ, ಮುಂಚೆ ಹೋಗಲೇ?” ಎಂದು ನೀವೇ ಕೇಳಿ. ರೈಲಿನಲ್ಲಿ 45 ತುಂಬಿದ ಹೆಂಗಸರಿಗೆ ಖಾಲಿ ಇದ್ದರೆ ಕೆಳಗಿನ ಬರ್ತು ಕೊಡುವ ವ್ಯವಸ್ಥೆ ಇದೆ. ಟಿಕೆಟ್ಟು ಮಾಡಿಸುವಾಗ ವಯಸ್ಸು ಸರಿಯಾಗಿ ಬರೆಸಬೇಕು. ಎರಡು ವರ್ಷ ಕಡಿಮೆ ಹೇಳಿಕೊಂಡರೆ ಮೇಲಿನ ಬರ್ತು ಹತ್ತಬೇಕಾದೀತು, ಜೋಕೆ!

ಆದರೆ ಗಟ್ಟಿಮುಟ್ಟಾಗಿರುವವರು ಸಾಲು ತಪ್ಪಿಸಿಕೊಳ್ಳಲೆಂದು ಗಾಲಿಕುರ್ಚಿ ಕೇಳುವುದು ಸರಿಯಲ್ಲ. ಅಷ್ಟು ಹೊತ್ತು ನಿಜವಾಗಿ ನೋವಿರುವವರು ಕುರ್ಚಿಗಾಗಿ ಕಾಯಬೇಕಾಗುತ್ತದೆ.

ಕೌಂಟರಿನಲ್ಲಿ ತಡವಾಗುವುದು ಎಲ್ಲಿ?

ಬಹುಪಾಲು ನಮ್ಮ ತಿಂಡಿಯ ಗಂಟಿನಲ್ಲಿ! ಮಗಳಿಗೆಂದು ತಿಪಟೂರಿನ ಕೊಬ್ಬರಿ ಕಟ್ಟುವುದು ನಮ್ಮ ಜಿಲ್ಲೆಯವರಿಗೆ ಅಭ್ಯಾಸ. ವಿಮಾನದಲ್ಲಿ ಕೊಬ್ಬರಿಗೆ ಜಾಗವಿಲ್ಲ. ಅದರಲ್ಲಿರುವ ಎಣ್ಣೆಯಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅಪಾಯದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ವಿದೇಶದ ವಿಮಾನದಲ್ಲಿ ಕೈಚೀಲದ ಯಾವ ದ್ರವದ ಶೀಸೆಯೂ 100 ಮಿಲಿಲೀಟರ್ ಮೀರಬಾರದು. ಮೊಬೈಲಿನ ಪವರ್ ಬ್ಯಾಂಕು ಮಾತ್ರ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಸಿಕ್ಕರೆ ಬಿಚ್ಚಿಸುತ್ತಾರೆ. ಇನ್ನು ಹಡಗಿನವರು ಸಾಮಾನ್ಯವಾಗಿ ಮನೆಯಲ್ಲಿ ಮಾಡಿದ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಅಂಗಡಿಯ ಮುಚ್ಚಿದ ಪೊಟ್ಟಣವಾದರೆ ಸರಿ. ಚಕ್ಕುಲಿ, ಕಡ್ಲೆಬೀಜದ ಉಂಡೆ ದಾರಿಯಲ್ಲೇ ಮುಗಿಸಿಬಿಡಿ.

ಹೊರಡುವ ಮುನ್ನ ಒಮ್ಮೆ ನೋಡಿ

* ಟಿಕೆಟ್ಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಲಿ. ಮದುವೆಯ ಮುಂಚಿನ ಹೆಸರು, ಇನಿಷಿಯಲ್ಲು ಇವುಗಳಿಂದಲೇ ಹೆಚ್ಚು ತೊಡಕು.
* ಅನೇಕ ದೇಶಗಳು ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ.
* ಬಸುರಿಯರನ್ನು 24ನೇ ವಾರಕ್ಕೆ ಕಾಲಿಟ್ಟ ಮೇಲೆ ಬಹುತೇಕ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೂ ಅವಕಾಶವಿಲ್ಲ.
* ಹಡಗು ಹತ್ತುವ ಊರಿಗೆ ಹಿಂದಿನ ದಿನವೇ ಹೋಗಿ ತಂಗಿ. ಅದೇ ದಿನದ ರೈಲು, ವಿಮಾನವನ್ನು ನಂಬಿ ಕೂರಬೇಡಿ.
* ಕೌಂಟರು ಮುಚ್ಚುವ ಹೊತ್ತು, ಬಾಗಿಲು ಮುಚ್ಚುವ ಹೊತ್ತು, ಮಕ್ಕಳ ಫೋನ್ ನಂಬರು ಇವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಪರ್ಸಿನಲ್ಲಿಡಿ. ಮೊಬೈಲು ಕೈಕೊಟ್ಟರೂ ಚೀಟಿ ಕೈಕೊಡದು.

ಸರದಿ ಎಂಬುದು ಹಡಗಿಗೆ, ವಿಮಾನಕ್ಕೆ ಮಾತ್ರ ಬೇಕಾದದ್ದಲ್ಲ. ಇಳಿಯುವವರು ಇಳಿಯಲಿ, ಕೂಸು ಎತ್ತಿಕೊಂಡವಳೂ ಕೋಲು ಹಿಡಿದವರೂ ಮೊದಲು ಹತ್ತಲಿ ಎಂದು ನಾಲ್ಕು ಜನ ಹೆಂಗಸರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದರೆ ನಮ್ಮ ಬಸ್ಸಿನಲ್ಲೂ ಅದು ನಡೆದೀತು. ಅದಕ್ಕೆ ಯಾವ ಕಂಪನಿಯ ಅಂಕವೂ ಬೇಕಿಲ್ಲ. ಏನಂತೀರಿ?