ತಂಪಿಗೆ ದುಡ್ಡುಂಟು, ತಂತಿಗೆ ಇಲ್ಲವೇ?

ವಡ್ಡು: ಬಳ್ಳಾರಿ ಸೀಮೆಗೆ ಎರಡೇ ಕಾಲ. ಬೇಸಿಗೆ, ಕಡುಬೇಸಿಗೆ! ಹಿಂದೆ ಬೀಸಣಿಗೆ, ಆಮೇಲೆ ಕೂಲರ್. ಈಗ ತೋರಣಗಲ್ಲು ಪಕ್ಕದ ವಡ್ಡುವಿನ ಮನೆ ಗೋಡೆಗೂ ಏಸಿ. ಬರಲಿ, ಸಂತೋಷ. ಆದರೆ ಸ್ವಾಮಿ, ಹಳೇ ಫ್ಯಾನಿನ ಲೈನಿಗೇ ಸಿಕ್ಕಿಸಿದರೆ ಹೇಗೆ?

ಒಂದೂವರೆ ಟನ್ನಿನ ಏಸಿ ಸುಮಾರು 1500 ವ್ಯಾಟ್ ಎಳೆಯುತ್ತೆ. ಅಂದರೆ 20 ಫ್ಯಾನಿನಷ್ಟು! ಸಣ್ಣ ತಂತಿ ಗೋಡೆಯೊಳಗೇ ಕಾಯ್ದು ಬೆಂಕಿ ಹತ್ತೀತು. ಮೀಟರ್ ಬೋರ್ಡಿನಿಂದ ಬೇರೆಯೇ ಲೈನು, 4 ಚದರ ಮಿ.ಮೀ. ತಾಮ್ರದ ತಂತಿ, ತಕ್ಕ ಎಂಸಿಬಿ ಬೇಕೇ ಬೇಕು. ಅರ್ತಿಂಗ್ ಇಲ್ಲದಿದ್ದರೆ ಡಬ್ಬಿ ಮುಟ್ಟಿದವರಿಗೆ ಶಾಕ್ ಹೊಡೆದೀತು. ಮಂಜೂರಾದ ಲೋಡು ಸಾಲದಿದ್ದರೆ ಜೆಸ್ಕಾಂಗೆ ಅರ್ಜಿ ಹಾಕಿ. ಅದಿರಿನ ಕೆಂಪು ಧೂಳಿನ ಸೀಮೆ ಇದು, ಫಿಲ್ಟರನ್ನು 15 ದಿನಕ್ಕೊಮ್ಮೆ ತೊಳೆಯಿರಿ.

ಲೈಸೆನ್ಸ್ ಇರುವ ವೈರಿಂಗ್‌ನವರ ಕೂಲಿ ಉಳಿಸಲು ಹೋಗಿ ಮನೆಯನ್ನೇ ಕಳಕೊಬೇಡಿ.