ಗುಟ್ಟಾಗಿ ಬೆರೆಸಿದ ಪುಡಿ ಕುಡಿತ ಬಿಡಿಸೀತೆ?

'ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ' ಎಂಬ ಜಾಹೀರಾತನ್ನು ನೋಡದವರು ಕಡಿಮೆ. ಸಾರಿಗೋ ಕಾಫಿಗೋ ಒಂದು ಚಿಟಿಕೆ ಪುಡಿ ಬೆರೆಸಿದರೆ ಗಂಡ ಸರಿಹೋಗುತ್ತಾನೆಂದು ನಂಬಿ ಹಣ ಕಳೆದುಕೊಂಡ ಹೆಣ್ಣುಮಕ್ಕಳು ಎಷ್ಟೋ. ಆ ಪುಡಿಯಲ್ಲಿ ಏನಿದೆಯೆಂದು ಮಾರುವವರು ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆ ಇರುವುದು ನಿಜ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆದ್ದರಿಂದಲೇ ವೈದ್ಯರು ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದ ಮೇಲೆ ಕೊಡುತ್ತಾರೆ. ಗುಟ್ಟಾಗಿ ಕೊಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು.

'ಗಟ್ಟಿ ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು' ಎನ್ನುವವರಿದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತಾರೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರುತ್ತದೆ. ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಣ್ಣಿಗೆ ಕಂಡು ಬಡಬಡಿಸುವವರೂ ಉಂಟು. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತ ಕೂತರೆ ಜೀವ ಹೋದೀತು. ಈ ಬಡಬಡಿಕೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ; ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಮಾತಿಗೆ ಉತ್ತರವೇ ಬೇಡ; ಇನ್ನೊಬ್ಬರ ಮಗಳು ಔಷಧಿಯಲ್ಲ. ಅಂಗಡಿ ಮುಚ್ಚಿಸಿದರೆ ಸಾಕು ಎನ್ನುವವರು ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದದ್ದನ್ನು ನೆನೆಯಲಿ. ಸಾರಾಯಿ ಹೋಯಿತು, ಕುಡಿತ ಉಳಿಯಿತು.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು, ದೂರದ ಕೇಂದ್ರವೊಂದರಲ್ಲಿ ಕೂಡಿಹಾಕಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ. ಹೆಚ್ಚಿನವರಿಗೆ ಅದು ಬೇಕಿಲ್ಲ. ಊರಲ್ಲಿದ್ದುಕೊಂಡೇ ಮಾತ್ರೆ, ಆಪ್ತಸಮಾಲೋಚನೆ ಪಡೆಯಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲೇ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಊರವರೇ ಮುಂದೆ ನಿಂತು ಅಡುಗೆ, ಓಡಾಟ ನೋಡಿಕೊಳ್ಳುತ್ತಾರೆ. ಎಂಟೇ ದಿನಕ್ಕೆ ಎಲ್ಲ ಮುಗಿಯಿತು ಎಂದುಕೊಂಡರೆ ಅದೂ ತಪ್ಪೇ. ಶಿಬಿರದಿಂದ ಹೊರಬಂದವನಿಗೆ ಸಂಜೆಯಾದರೆ ಅದೇ ಗೆಳೆಯರು, ಅದೇ ಸಾಲ. ಆಗ ಹಿಡಿದು ನಿಲ್ಲಿಸುವುದು ಕುಡಿತ ಬಿಟ್ಟವರೇ ಸೇರಿ ಕಟ್ಟಿಕೊಂಡ ನವಜೀವನ ಸಮಿತಿ. ಅಮೆರಿಕದ ಆಕ್ರನ್‌ನಲ್ಲಿ 1935ರಲ್ಲಿ ಇಬ್ಬರು ಕುಡುಕರಿಂದ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ಬಲದ ಮೇಲೆ ನಡೆಯುತ್ತಿದೆ.

ಮತ್ತೆ ಕುಡಿದರೆ 'ಇವನ ಹಣೆಬರಹವೇ ಇಷ್ಟು' ಎಂದು ಕೈಬಿಡುತ್ತೇವೆ. ಬಿ.ಪಿ. ಮತ್ತೆ ಏರಿದ ರೋಗಿಯನ್ನು ಯಾರೂ ಹಾಗೆ ಬಿಡುವುದಿಲ್ಲ, ಮದ್ದು ಬದಲಿಸುತ್ತಾರೆ. ಇಲ್ಲಿಯೂ ಅಷ್ಟೇ.

2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಭಾರತೀಯರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ನಿಮ್ಮ ಮನೆಯಲ್ಲೂ ಈ ಕಷ್ಟವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.