ಸಂಖ್ಯೆ ಅದೇ ಇರಲಿ, ಖರ್ಚು ಇಳಿಯಲಿ: ಮನೆಮಂದಿಯ ಮೊಬೈಲ್ ವೆಚ್ಚಕ್ಕೊಂದು ಲೆಕ್ಕ

ಗಾಂಧಿಪುರಂ: ಇಲ್ಲಿಂದ ಸತ್ಯಮಂಗಲ, ದಿಂಬಂ ಘಟ್ಟದ ಮಾರ್ಗವಾಗಿ ಹೊರಡುವ ಬಸ್ಸುಗಳಲ್ಲಿ ವಾರಾಂತ್ಯಕ್ಕೆ ಊರಿಗೆ ಮರಳುವ ಕನ್ನಡಿಗರು ಅನೇಕರಿದ್ದಾರೆ. ತಂದೆ ಕೊಯಮತ್ತೂರಿನಲ್ಲೋ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲೋ ದುಡಿಯುತ್ತಾರೆ. ತಾಯಿ ಮತ್ತು ಅಜ್ಜಿ ತಾಳವಾಡಿ ಭಾಗದ ಊರಿನಲ್ಲಿದ್ದು ಮಕ್ಕಳನ್ನು ಕನ್ನಡ ಮಾಧ್ಯಮ ಶಾಲೆಗೆ ಕಳುಹಿಸುತ್ತಾರೆ. ಹೀಗೆ ಎರಡು ಕಡೆ ಹಂಚಿಹೋದ ಮನೆಯನ್ನು ಒಂದಾಗಿ ಹಿಡಿದಿಟ್ಟಿರುವುದು ಮೊಬೈಲ್. ಶಾಲೆಯ ಸೂಚನೆ, ಬ್ಯಾಂಕಿನ ಒಟಿಪಿ, ವಿದ್ಯಾರ್ಥಿವೇತನದ ಮಾಹಿತಿ ಎಲ್ಲವೂ ಅದೇ ಸಂಖ್ಯೆಗೆ ಬರುತ್ತವೆ. ಆದ್ದರಿಂದ ರೀಚಾರ್ಜ್ ಖರ್ಚು ಏರಿದಾಗ ಸಂಖ್ಯೆಯನ್ನೇ ಬಿಟ್ಟುಬಿಡುವುದು ಸುಲಭವಲ್ಲ. ಸಂಖ್ಯೆಯನ್ನು ಉಳಿಸಿಕೊಂಡೇ ಖರ್ಚನ್ನು ಹೇಗೆ ಇಳಿಸಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಏರಿದ್ದು ಎಷ್ಟು?

2024ರ ಜುಲೈ 3ರಂದು ಜಿಯೋ ಮತ್ತು ಏರ್‌ಟೆಲ್, ಮರುದಿನ ವೊಡಾಫೋನ್ ಐಡಿಯಾ ತಮ್ಮ ದರಗಳನ್ನು ಏರಿಸಿದವು. ಉದಾಹರಣೆಗೆ, ದಿನಕ್ಕೆ ಒಂದೂವರೆ ಜಿಬಿ ಡೇಟಾ ಕೊಡುವ ಜಿಯೋದ 28 ದಿನಗಳ ಯೋಜನೆ 239 ರೂಪಾಯಿಯಿಂದ 299 ರೂಪಾಯಿಗೆ ಏರಿತು. 28 ದಿನ ಎಂದರೆ ಒಂದು ತಿಂಗಳಲ್ಲ. ವರ್ಷಕ್ಕೆ 12 ಬಾರಿಯಲ್ಲ, 13 ಬಾರಿ ಹಣ ಕಟ್ಟಬೇಕಾಗುತ್ತದೆ. ಹಾಗಾಗಿ ಒಂದು ಸಂಖ್ಯೆಗೆ ವರ್ಷಕ್ಕೆ 3,887 ರೂಪಾಯಿ. ಮನೆಯಲ್ಲಿ ಇಂಥ ನಾಲ್ಕು ಸಿಮ್ ಇದ್ದರೆ 15,548 ರೂಪಾಯಿ.

ಮೊದಲು ಬಳಕೆಯ ಲೆಕ್ಕ

ಕಂಪನಿ ಬದಲಿಸುವ ಮುನ್ನ ಮನೆಯ ಪ್ರತಿಯೊಬ್ಬರೂ ಮೊಬೈಲನ್ನು ಯಾವುದಕ್ಕೆ ಬಳಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಾಲ್ಕು ಸಿಮ್‌ಗಳ ಒಂದು ಮನೆಯನ್ನು ಊಹಿಸಿಕೊಳ್ಳೋಣ: ತಂದೆಯದು, ತಾಯಿಯದು, ಅಜ್ಜಿಯದು, ಜೊತೆಗೆ ತಂದೆಯ ಬಳಿ ಉಳಿದಿರುವ ಹಳೆಯ ಕರ್ನಾಟಕದ ಸಿಮ್. ನಾಲ್ಕಕ್ಕೂ 299 ರೂಪಾಯಿಯ ರೀಚಾರ್ಜ್ ನಡೆಯುತ್ತಿದೆ.

ಅಜ್ಜಿ ಕರೆ ಮಾತ್ರ ಮಾಡುತ್ತಾರೆ. ಅವರಿಗೆ ಡೇಟಾ ಬೇಡ. ಡೇಟಾ ಬೇಡದವರಿಗಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಯೋಜನೆಯನ್ನು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ 365 ದಿನಗಳಿಗೆ 1,849 ರೂಪಾಯಿಯ, ಜಿಯೋ 336 ದಿನಗಳಿಗೆ 1,748 ರೂಪಾಯಿಯ ಯೋಜನೆಗಳನ್ನು ತಂದವು. 1,849 ರೂಪಾಯಿಯ ಯೋಜನೆಗೆ ಹೋದರೆ ಅಜ್ಜಿಯೊಬ್ಬರ ಲೆಕ್ಕದಲ್ಲೇ ವರ್ಷಕ್ಕೆ 2,038 ರೂಪಾಯಿ ಉಳಿಯುತ್ತದೆ. ಆದರೆ ಇದರಲ್ಲಿ ವಾಟ್ಸ್‌ಆ್ಯಪ್, ಯುಪಿಐ ನಡೆಯುವುದಿಲ್ಲ ಎಂಬುದು ನೆನಪಿರಲಿ.

ತಂದೆ, ತಾಯಿ ಇಬ್ಬರಿಗೂ ಡೇಟಾ ಬೇಕು. ಅದೇ ಒಂದೂವರೆ ಜಿಬಿಯ 84 ದಿನಗಳ ಯೋಜನೆಯನ್ನು ಜಿಯೋ 2024ರ ಜುಲೈಯಲ್ಲಿ 799 ರೂಪಾಯಿಗೆ ನಿಗದಿಪಡಿಸಿತು. 299 ರೂಪಾಯಿಯಂತೆ ಮೂರು ಬಾರಿ ಕಟ್ಟಿದರೆ 897. ವ್ಯತ್ಯಾಸ 98 ರೂಪಾಯಿ. ಇಬ್ಬರಿಗೆ ಸೇರಿ ವರ್ಷಕ್ಕೆ ಸುಮಾರು 850. ವಾರದ ಕೂಲಿಯಲ್ಲಿ ನಡೆಯುವ ಮನೆಗೆ ಒಂದೇ ಸಲ 799 ರೂಪಾಯಿ ಹೊರೆ ಎನಿಸಬಹುದು. ವಾರಕ್ಕೆ 67 ರೂಪಾಯಿ ಎತ್ತಿಟ್ಟರೆ 12 ವಾರಗಳಲ್ಲಿ ಆ ಮೊತ್ತ ಕೈಗೂಡುತ್ತದೆ.

ಇನ್ನುಳಿದದ್ದು ಎರಡನೆಯ ಸಿಮ್. ರಾಜ್ಯದಾಚೆ ಹೋದರೆ ರೋಮಿಂಗ್ ಶುಲ್ಕ ಬೀಳುತ್ತಿದ್ದ ಕಾಲದಲ್ಲಿ ಗಡಿಯ ಜನರಿಗೆ ಎರಡು ಸಿಮ್ ಅನಿವಾರ್ಯವಾಗಿತ್ತು. ಇಂದಿನ ಅಪರಿಮಿತ ಕರೆಯ ಯೋಜನೆಗಳಲ್ಲಿ ಚಾಮರಾಜನಗರದಿಂದ ಮಾತನಾಡಿದರೂ ಕೊಯಮತ್ತೂರಿನಿಂದ ಮಾತನಾಡಿದರೂ ಖರ್ಚು ಒಂದೇ. ಎರಡನೆಯದು ನಿಜಕ್ಕೂ ಬೇಡವೆಂದಾದರೆ ವರ್ಷಕ್ಕೆ 3,887 ರೂಪಾಯಿ ಉಳಿಯುತ್ತದೆ. ಆದರೆ ಬಿಡುವ ಮುನ್ನ ಆಧಾರ್, ಬ್ಯಾಂಕ್, ಪಡಿತರ ಚೀಟಿ ಮತ್ತು ಶಾಲೆಯ ದಾಖಲೆಗಳಲ್ಲಿ ಆ ಸಂಖ್ಯೆ ಇದೆಯೇ ಎಂದು ನೋಡಿ, ಇದ್ದರೆ ಬದಲಿಸಿಕೊಳ್ಳಬೇಕು. ಕೈಬಿಟ್ಟ ಸಂಖ್ಯೆಯನ್ನು ಕೆಲವು ತಿಂಗಳ ನಂತರ ಕಂಪನಿಗಳು ಬೇರೊಬ್ಬರಿಗೆ ಕೊಡುತ್ತವೆ. ನಿಮ್ಮ ಒಟಿಪಿ ಅವರ ಕೈಗೆ ಹೋಗಬಾರದು.

ಮೂರನ್ನೂ ಕೂಡಿಸಿದರೆ ವರ್ಷಕ್ಕೆ ಸುಮಾರು 6,770 ರೂಪಾಯಿ ಉಳಿತಾಯ. ಇಲ್ಲಿ ಕೊಟ್ಟಿರುವುದು ಆಯಾ ಯೋಜನೆ ಪ್ರಕಟವಾದಾಗಿನ ದರ. ಹಣ ಕಟ್ಟುವ ಮುನ್ನ ಇಂದಿನ ದರವನ್ನು ಟ್ರಾಯ್‌ನ ದರ ಹೋಲಿಕೆ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಪೋಸ್ಟ್‌ಪೇಯ್ಡ್ ಕುಟುಂಬ ಯೋಜನೆಗಳನ್ನು ಹೋಲಿಸುವಾಗ ಪ್ರಕಟಿತ ಬೆಲೆಗೆ ಶೇಕಡಾ 18ರಷ್ಟು ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಬೇಕು. ಪ್ರಿಪೇಯ್ಡ್ ದರದಲ್ಲಿ ತೆರಿಗೆ ಈಗಾಗಲೇ ಸೇರಿರುತ್ತದೆ.

ಕಂಪನಿ ಬದಲಿಸುವ ಮುನ್ನ

ಬೇಕಾದ ಯೋಜನೆ ಈಗಿನ ಕಂಪನಿಯಲ್ಲಿ ಸಿಗದಿದ್ದರೆ ಮಾತ್ರ ಬದಲಾವಣೆ ಬೇಕು. ಆಗ ಮೊದಲು ನೋಡಬೇಕಾದದ್ದು ಸಿಗ್ನಲ್. ಗಾಂಧಿಪುರಂನಲ್ಲಿ ಚೆನ್ನಾಗಿ ಸಿಗುವ ಜಾಲ ಘಟ್ಟದ ಮೇಲಿನ ಕಾಡಂಚಿನ ಊರಿನಲ್ಲಿಯೂ ಸಿಗುತ್ತದೆಂಬ ಭರವಸೆಯಿಲ್ಲ. ಆ ಕಂಪನಿಯ ಸಿಮ್ ಇರುವ ನೆರೆಯವರ ಮೊಬೈಲನ್ನು ನಿಮ್ಮ ಮನೆಯೊಳಗೆ, ಶಾಲೆಯ ಬಳಿ, ಕೆಲಸದ ಸ್ಥಳದಲ್ಲಿ ಪರೀಕ್ಷಿಸುವುದೇ ಒಳ್ಳೆಯ ಉಪಾಯ. ಮನೆಯವರೆಲ್ಲರೂ ಒಂದೇ ಕಂಪನಿಯಲ್ಲಿರಬೇಕೆಂಬ ನಿಯಮವೂ ಇಲ್ಲ.

ಎರಡನೆಯದು ಮೊಬೈಲ್ ಸಾಧನ. ಜಿಯೋಗೆ 2ಜಿ ಜಾಲವಿಲ್ಲ. ಅಜ್ಜಿಯ ಹಳೆಯ ಬಟನ್ ಫೋನ್ ಅದರಲ್ಲಿ ನಡೆಯದು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೊಂದಿಗೆ ದರ ಏರಿಸದ ಬಿಎಸ್‌ಎನ್‌ಎಲ್‌ನತ್ತ ಆಗ ಬಹಳ ಮಂದಿ ಹೊರಳಿದರು. ಅದರ ಸ್ವದೇಶಿ 4ಜಿ ಜಾಲ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಅಲ್ಲಿಯೂ ಊರಿನ ಸಿಗ್ನಲ್ ಪರೀಕ್ಷಿಸಿಯೇ ಹೋಗಬೇಕು.

ಬದಲಿಸುವ ಕ್ರಮ

ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಜಾರಿಗೆ ಬಂದದ್ದು 2011ರ ಜನವರಿ 20ರಂದು. 2015ರ ಜುಲೈಯಿಂದ ಕರ್ನಾಟಕದ ಸಂಖ್ಯೆಯನ್ನು ತಮಿಳುನಾಡಿಗೂ ತರಬಹುದಾಗಿದೆ.

ಮೊದಲನೆಯದಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಒಂದಕ್ಷರದಷ್ಟು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಬೇಕು. ನಿಮ್ಮ ಯೋಜನೆಯಲ್ಲಿ ಎಸ್ಸೆಮ್ಮೆಸ್ ಇಲ್ಲವೆಂಬ ಕಾರಣಕ್ಕೆ ಇದನ್ನು ತಡೆಯಬಾರದೆಂದು ಟ್ರಾಯ್ 2021ರ ಡಿಸೆಂಬರಿನಲ್ಲಿ ಆದೇಶಿಸಿದೆ.

ಎರಡನೆಯದಾಗಿ, ಉತ್ತರವಾಗಿ ಎಂಟು ಅಕ್ಷರ-ಅಂಕಿಗಳ ಒಂದು ಸಂಕೇತ ಬರುತ್ತದೆ. ನಮ್ಮ ರಾಜ್ಯಗಳಲ್ಲಿ ಅದರ ಆಯುಷ್ಯ ನಾಲ್ಕು ದಿನ. ಅದರೊಂದಿಗೆ ಗುರುತಿನ ದಾಖಲೆ ಹಿಡಿದು ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಕರೆ ಮಾಡಿ ಕೇಳುವ ಯಾರಿಗೂ ಆ ಸಂಕೇತವನ್ನು ಹೇಳಬಾರದು. ಅರ್ಜಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಯೋಜನೆ, ಎಷ್ಟು ದಿನ, ಎಷ್ಟು ಹಣ ಎಂಬ ಮೂರನ್ನು ತಿಳಿದುಕೊಳ್ಳದೆ ಒಪ್ಪಿಗೆ ಕೊಡಬೇಡಿ.

ಮೂರನೆಯದಾಗಿ, ಅದೇ ರಾಜ್ಯದ ವಲಯದೊಳಗಾದರೆ ಮೂರು, ಬೇರೆ ವಲಯದಿಂದಾದರೆ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕು. ಅಲ್ಲಿಯವರೆಗೆ ಹಳೆಯ ಸಿಮ್ ನಡೆಯುತ್ತದೆ; ಬದಲಾಗುವ ಸಮಯದಲ್ಲಿ ಕೆಲವು ಗಂಟೆ ಸೇವೆ ಇರುವುದಿಲ್ಲ. ಅರ್ಜಿ ಕೊಟ್ಟ 24 ಗಂಟೆಗಳೊಳಗೆ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿ ರದ್ದುಪಡಿಸಲೂ ಅವಕಾಶವಿದೆ.

ಎಡವುವ ಸ್ಥಳಗಳು

ಸಂಖ್ಯೆ ಪಡೆದು, ಅಥವಾ ಹಿಂದಿನ ಸಲ ಕಂಪನಿ ಬದಲಿಸಿ, 90 ದಿನ ಕಳೆದಿರಬೇಕು. ಸಿಮ್ ಕಳೆದು ಅದೇ ಸಂಖ್ಯೆಗೆ ಬೇರೆ ಸಿಮ್ ಪಡೆದಿದ್ದರೆ ಏಳು ದಿನ ಕಾಯಬೇಕು; ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮ. ಪೋಸ್ಟ್‌ಪೇಯ್ಡ್ ಬಾಕಿಯಿದ್ದರೆ ಸಂಕೇತ ಸಿಗುವುದಿಲ್ಲ. ಹಳೆಯ ಕಂಪನಿಯಲ್ಲಿ ಉಳಿದ ಹಣವಾಗಲಿ ದಿನಗಳಾಗಲಿ ಹೊಸದಕ್ಕೆ ಬರುವುದಿಲ್ಲ. ಆದ್ದರಿಂದ ಅವಧಿ ಮುಗಿಯುವ ಒಂದು ವಾರ ಮೊದಲು ಕೆಲಸ ಆರಂಭಿಸುವುದು ಸೂಕ್ತ. ಸಿಮ್ ಸಂಬಂಧಿಕರ ಹೆಸರಿನಲ್ಲಿದ್ದರೆ ಮೊದಲು ಈಗಿನ ಕಂಪನಿಯಲ್ಲಿಯೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಪರೀಕ್ಷಾ ಶುಲ್ಕ ಕಟ್ಟುವ, ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ಬದಲಾವಣೆ ಬೇಡ. ಒಟಿಪಿ ತಪ್ಪಿದರೆ ಕಷ್ಟ. ಹೊಸ ಸಿಮ್ ಹಾಕಿದ ಮೇಲೆ ಯುಪಿಐ ಮತ್ತೊಮ್ಮೆ ದೃಢೀಕರಣ ಕೇಳಬಹುದು. ವಾಟ್ಸ್‌ಆ್ಯಪ್ ಮತ್ತು ಶಾಲೆಯ ಗುಂಪು ಹಾಗೆಯೇ ಇರುತ್ತವೆ.

ಈ ವಾರಾಂತ್ಯ ಮನೆಮಂದಿ ಒಟ್ಟಿಗೆ ಕುಳಿತಾಗ ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. 28ನ್ನು 13ರಿಂದ ಗುಣಿಸಿದರೆ 364 ಬರುತ್ತದೆಂಬುದು ಅವರಿಗೆ ಪಾಠ. ಉಳಿಯುವ ಹಣ ಮುಂದಿನ ವರ್ಷದ ಪುಸ್ತಕ, ಚೀಲ, ಬಸ್ಸಿನ ಖರ್ಚಿಗೆ ಆದೀತು.